ಮದುವೆಯ ಹರಿವಾಣದಲ್ಲಿ ಆನೆಕಾಲು

ಮೊದಲ ಸೋಮವಾರ ಅಂಕೋಲೆ ಹತ್ತಿರದ ಮೀನುಗಾರರ ಊರು ಕೇಣಿಯಲ್ಲಿ ನನಗೆ ತೊಳೆಯಲು ಒಂದು ಕಾಲೂ ಸಿಗಲಿಲ್ಲ. ಬಲೆ ಇಡುವ ಶೆಡ್ಡಿನ ಜಗಲಿಯಲ್ಲಿ ಎರಡು ಬಕೆಟ್ ನೀರು, ಮೂರು ಪ್ಲಾಸ್ಟಿಕ್ ಟಬ್ಬು, ಸಾಬೂನು, ಹಳೆಯ ಪಂಚೆ ಹರಿದು ಮಾಡಿಕೊಂಡ ಬಟ್ಟೆ ತುಂಡುಗಳು, ಮುಲಾಮಿನ ಟ್ಯೂಬು ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡು ಒಂಬತ್ತರಿಂದ ಒಂದರವರೆಗೆ ಕೂತಿದ್ದೆ. ಆನೆಕಾಲು ರೋಗವಿದ್ದ ಹನ್ನೊಂದು ಜನರ ಹೆಸರು ನನ್ನ ಪಟ್ಟಿಯಲ್ಲಿತ್ತು. ಒಂಬತ್ತು ಜನ ಬಂದರು. ಕೂತರು, ಮಾತಾಡಿದರು, ಗುಳಿಗೆ ಉಂಟೋ ಎಂದು ಕೇಳಿದರು. ಆದರೆ ಸೀರೆಯ ನೆರಿಗೆಯನ್ನಾಗಲಿ ಪಂಚೆಯ ತುದಿಯನ್ನಾಗಲಿ ಯಾರೂ ಮೇಲೆತ್ತಲಿಲ್ಲ.

ನಾನು ಆಗ ಅಂಕೋಲೆಯಲ್ಲಿ ಆರೋಗ್ಯ ಸಹಾಯಕ, ಬ್ರಾಹ್ಮಣನಾದ್ದರಿಂದ ಊರವರ ಬಾಯಲ್ಲಿ ‘ಭಟ್ರು’. ಎರಡು ಸಾವಿರದ ದಶಕದ ನಡುವಿನ ಮಾತು. ಊದಿದ ಕಾಲನ್ನು ಮೊದಲಿನಂತೆ ಮಾಡುವ ಔಷಧವಿಲ್ಲ ಎಂಬುದು ನಮಗೂ ಗೊತ್ತಿತ್ತು, ರೋಗಿಗಳಿಗೂ ಗೊತ್ತಿತ್ತು. ಗುಳಿಗೆ ರಕ್ತದಲ್ಲಿರುವ ಹುಳವನ್ನು ಕೊಲ್ಲುತ್ತದೆ, ಊದಿದ್ದು ಊದಿದ್ದೇ. ಆದರೆ ಆ ಕಾಲಿನವರನ್ನು ಹಾಸಿಗೆಗೆ ಬೀಳಿಸುವುದು ಊತವಲ್ಲ, ಜ್ವರ. ಬೆರಳ ಸಂದಿಯಲ್ಲಿ ಚರ್ಮ ಬಿರಿಯುತ್ತದೆ, ಬಿರುಕಿನಿಂದ ನಂಜು ಒಳಗೆ ಹೋಗುತ್ತದೆ, ಕಾಲು ಕೆಂಪಗಾಗಿ ಕಾದು ಚಳಿಜ್ವರ ಬರುತ್ತದೆ. ಪ್ರತಿ ಜ್ವರಕ್ಕೂ ಕಾಲು ಮತ್ತಷ್ಟು ದಪ್ಪವಾಗುತ್ತದೆ. ಇದನ್ನು ತಡೆಯುವ ಉಪಾಯ ಒಂದೇ. ದಿನಕ್ಕೆರಡು ಸಲ ಕಾಲು ತೊಳೆಯಬೇಕು.

ಕೇಳಲು ಸುಲಭ. ತೊಳೆಯುವುದಕ್ಕೆ ಒಂದು ಕ್ರಮವಿದೆ. ತಣ್ಣಗಿನ ಶುದ್ಧ ನೀರು, ಉಗುರು ತಾಗದ ಕೈ. ಮಂಡಿಯ ಕೆಳಗಿನಿಂದ ಶುರು ಮಾಡಿ ಚರ್ಮದ ಪ್ರತಿ ಮಡಿಕೆಯನ್ನೂ ಬಿಡಿಸಿ ಸಾಬೂನು ಮುಟ್ಟಿಸಬೇಕು. ಕೊನೆಗೆ ಬೆರಳ ಸಂದಿಗಳು, ಒಂದು ಕಾಲಿಗೆ ನಾಲ್ಕು, ಎರಡಕ್ಕೆ ಎಂಟು. ಆಮೇಲೆ ಒರೆಸುವುದು. ಉಜ್ಜುವ ಹಾಗಿಲ್ಲ, ಬಟ್ಟೆಯನ್ನು ಒತ್ತಿ ಒತ್ತಿ ತೇವ ಹೀರಿಸಬೇಕು. ಒಂದು ಸಂದಿಯಲ್ಲಿ ತೇವ ಉಳಿದರೂ ಪಟ್ಟ ಪಾಡೆಲ್ಲ ನೀರುಪಾಲು. ಕಾಲು ತೀರಾ ಭಾರವಾದವರು ಬಗ್ಗಿ ಬೆರಳು ಮುಟ್ಟಲಾರರು. ಹಾಗಾಗಿ ಮೊದಮೊದಲು ನಾವೇ ತೊಳೆದು ತೋರಿಸಿ, ಮನೆಯವರೊಬ್ಬರಿಗೆ ಕಲಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಹೆಂಗಸರ ಕಾಲನ್ನು ನಮ್ಮ ಸಿಸ್ಟರ್ ನೋಡಿಕೊಳ್ಳಬೇಕಿತ್ತು. ಅವರು ಹೆರಿಗೆ ರಜೆಯ ಮೇಲೆ ಹೋಗಿದ್ದರು. ಉಳಿದವನು ನಾನು.

ನನಗೆ ಅಷ್ಟರಲ್ಲೇ ಸಾಕಾಗಿ ಹೋಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಕೇಣಿಗೆ ಬರುವ ಮೊದಲೇ ಐದು ಊರಿಗೆ ಐದು ವಾರ, ಪ್ರತಿ ಊರಿನಲ್ಲೂ ಬಗ್ಗಿ ಕೂತು ಬೆನ್ನು ಹಿಡಿದುಕೊಂಡಿತ್ತು. ಮಳೆಗಾಲವಿಡೀ ಒದ್ದೆ ಬೂಟಿನಲ್ಲೇ ತಿರುಗಿದ್ದೆ. ಯಾರನ್ನು ಕಂಡರೂ ನನ್ನ ಕಣ್ಣು ಮುಖಕ್ಕೆ ಹೋಗುವ ಮೊದಲು ಕಾಲಿಗೆ ಹೋಗುತ್ತಿತ್ತು. ಪಟ್ಟಿಯಲ್ಲಿ ಜನರ ಹೆಸರಿದ್ದರೂ ನನ್ನ ತಲೆಯಲ್ಲಿ ಇದ್ದದ್ದು ‘ಎಡಗಾಲು, ಮೂರನೇ ಹಂತ’ ಇಂಥದ್ದೇ.

ಆ ಸೋಮವಾರ ಸಾಮಾನು ಕಟ್ಟುವ ಹೊತ್ತಿಗೆ ಕೊನೆಯಲ್ಲಿ ಉಳಿದವರು ಮೀನು ಮಾರುವ ಒಬ್ಬ ಹೆಂಗಸು. ಐವತ್ತರ ಆಸುಪಾಸು. ಅಂಕೋಲೆ ಪೇಟೆಯಲ್ಲಿ ಬಂಗಡೆ ಬುಟ್ಟಿಯ ಹಿಂದೆ ಅವರನ್ನು ನಾನು ಎಷ್ಟೋ ಸಲ ಕಂಡಿದ್ದೆ, ಕಾಲು ಮಾತ್ರ ಕಂಡಿರಲಿಲ್ಲ. ಗೋಣಿಚೀಲದಡಿ ಮುಚ್ಚಿಟ್ಟುಕೊಂಡು ಕೂರುತ್ತಿದ್ದರಂತೆ. ಜೊತೆಗೆ ಮಗಳಿದ್ದಳು. ಮಾತು ತೆಗೆದವಳು ಅವಳೇ.

“ಡಿಸೆಂಬರ್‌ನಾಗೆ ನನ್ನ ಮದ್ವೆ. ಆಯಿ ಧಾರೆಗೆ ಕೂರೂದಿಲ್ಲ ಅಂತದೆ. ದೊಡ್ಡಪ್ಪ ದೊಡ್ಡಾಯಿ ಎರ್ಕೊಡ್ಲಿ ಅಂತದೆ. ನೀವಾರೂ ಹೇಳಿ.”

“ನೀ ಸುಮ್ನಿರೆ,” ಎಂದರು ತಾಯಿ.

“ಎಂತಕ್ಕೆ ಸುಮ್ನಿರೂದು? ಮಾವ್ಶಿ ಮಗನ ಮದ್ವೆಲಿ ಯಾರೋ ಮೂಗ್ ಮುಚ್ಕಂಡ್ರು ಅಂದ್ಕಂಡು ಊಟಕ್ಕೂ ಬರ್ದೆ ಅಡ್ಗೆ ಒಲೆ ಹಿಂದೆ ಕೂತಿತ್ತು, ಇದು!”

ಸಂದಿಗಳು ಕೊಳೆತು ವಾಸನೆ ಬರುವುದು ಈ ರೋಗದಲ್ಲಿ ಸಾಮಾನ್ಯ. ತೊಳೆದರೆ ಎರಡು ವಾರದಲ್ಲಿ ವಾಸನೆ ಹೋಗುತ್ತದೆ ಎಂದೆ. ಮದುವೆಗೆ ಏಳು ವಾರವಿತ್ತು. ತಾಯಿ ನನ್ನ ಟಬ್ಬನ್ನು ನೋಡಿದರು.

“ನನ್ನ ಕಾಲು ಆ ಟಬ್ಬಲ್ಲಿ ಹಿಡಿಯೂದಿಲ್ಲ ಭಟ್ರೆ,” ಎಂದು ಎದ್ದು ಹೊರಟರು. ಒಬ್ಬಳೇ ಮಗಳಂತೆ. ಹೋಗುವಾಗ ಅವಳ ಹೆಗಲ ಮೇಲೆ ಭಾರ ಹಾಕಿ ಹೋದರು.

ಅದು ನೆವ ಎಂದು ನನಗೆ ಹೊಳೆಯಲಿಲ್ಲ. ಟಬ್ಬು ಸಣ್ಣದಾದರೆ ದೊಡ್ಡದು ತರಬೇಕು, ನನ್ನ ಲೆಕ್ಕ ಅಷ್ಟೇ. ಅಂಕೋಲೆಯ ಬಾಡಿಗೆ ಮನೆಯ ಅಟ್ಟದ ಮೇಲೆ ಒಂದು ತಾಮ್ರದ ಹರಿವಾಣವಿತ್ತು. ಅಗಲವಾದದ್ದು, ಅಂಚು ಗಿಡ್ಡ, ಭಾರವಾದ ಕಾಲನ್ನು ಹೆಚ್ಚು ಎತ್ತದೆ ಒಳಗೆ ಇಡಬಹುದು. ಭಾನುವಾರ ಸಂಜೆ ಅದನ್ನು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

“ಅದು ನನ್ನ ಅಪ್ಪ ನಿಮ್ಮ ಕಾಲು ತೊಳದ ಹರಿವಾಣ. ನೆನಪಿದ್ದಾ?”

ನೆನಪಿತ್ತು. ನಮ್ಮ ಮದುವೆಯ ದಿನ ಮಾವ ನನ್ನ ಎರಡೂ ಪಾದ ಅದರಲ್ಲಿ ಇಡಿಸಿ ತೊಳೆದಿದ್ದರು, ಅತ್ತೆ ನೀರು ಎರೆದಿದ್ದರು. ಮದುಮಗ ಆ ಗಳಿಗೆಯಲ್ಲಿ ಸಾಕ್ಷಾತ್ ವಿಷ್ಣು ಎಂದು ಪುರೋಹಿತರು ಮಂತ್ರ ಹೇಳುತ್ತಿದ್ದರೆ, ವಿಷ್ಣುವಿಗೆ ಕಚಗುಳಿಯಾಗಿ ನಗು ತಡೆದುಕೊಳ್ಳುವುದೇ ಕಷ್ಟವಾಗಿತ್ತು. ಬೇರೆ ಅಗಲದ ಪಾತ್ರೆ ಮನೆಯಲ್ಲಿಲ್ಲ ಎಂದು ಹೆಂಡತಿಗೆ ಹೇಳಿದೆ.

“ಒಯ್ಯದಾದ್ರೆ ಒಯ್ಯಿ. ವಾಪಸ್ ಬಪ್ಪಕಾದ್ರೆ ಬಿಸಿನೀರಲ್ಲಿ ತೊಳ್ಕಂಡು ಬನ್ನಿ,” ಎಂದು ಒಳಗೆ ಹೋದಳು.

ಎರಡನೇ ಸೋಮವಾರ ಜಗಲಿಯ ಮೇಲೆ ಹರಿವಾಣ ಇಟ್ಟೆ. ಬಂದವರೆಲ್ಲ ಹಿಂದಕ್ಕೆ ಸರಿದರು. ಒಬ್ಬ ಮುದುಕ ಚಪ್ಪಲಿ ಬಿಟ್ಟು ಒಂದು ಮಾರು ದೂರ ಕೂತ. ನಾನು ಮಾಡಿದ ಎಡವಟ್ಟು ಆಗ ಗೊತ್ತಾಯಿತು. ಪ್ಲಾಸ್ಟಿಕ್ ಟಬ್ಬಿಗೇ ಕಾಲಿಡದವರು ತಿಕ್ಕಿ ಹೊಳೆಯಿಸಿದ ತಾಮ್ರದ ಹರಿವಾಣಕ್ಕೆ ಇಡುತ್ತಾರೆಯೇ? ಅದು ಪೂಜೆಯ ಪಾತ್ರೆ. ಅದನ್ನು ತಂದವನು ಭಟ್ಟ. ಹಿಂದಿನ ವಾರದ ಒಂಬತ್ತು ಜನ ಈ ವಾರ ಆರಾಗಿದ್ದರು.

ಮದುಮಗಳ ತಾಯಿ ಮಾತ್ರ ಹತ್ತಿರ ಬಂದು, ಕಷ್ಟಪಟ್ಟು ಬಗ್ಗಿ, ಹರಿವಾಣದ ಅಂಚನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಈಗ ಹಿಡೀತದೆ ಅಕ್ಕಾ, ಇಡಿ ಕಾಲು,” ಎಂದೆ. ನನ್ನ ದನಿಯಲ್ಲಿ ಅಸಹನೆಯಿತ್ತು. ಹತ್ತೂವರೆಯಾಗಿತ್ತು, ಸಂಜೆಯೊಳಗೆ ಇನ್ನೊಂದು ಊರು ಬಾಕಿಯಿತ್ತು.

“ಭಟ್ರ ಕೈಗೆ ನನ್ನ ಕಾಲು ತಾಗಿದ್ರೆ ಪಾಪ ಯಾರಿಗೆ ಹತ್ತೂದು? ನಾ ಹೆಂಗೂ ಅನುಭವಿಸ್ತೇ ಇದ್ದೆ. ನನ್ನ ಮಗ್ಳಿಗೆ ಹತ್ತಿದ್ರೆ?”

“ನಾನು ಅದೆಲ್ಲ ನೋಡುವವನಲ್ಲ ಅಕ್ಕಾ.”

“ನೀವು ನೋಡೂದಿಲ್ಲ. ದೇವ್ರು ನೋಡ್ತ.”

ನಾನು ಅದೇ ಹಳೆಯ ಪಾಠ ಒಪ್ಪಿಸಿದೆ. ನಂಜು, ಬಿರುಕು, ಜ್ವರ, ಎಂಟು ಸಂದಿ. ಅವರು ಪೂರ್ತಿ ಕೇಳಿಸಿಕೊಂಡು ಹರಿವಾಣವನ್ನೇ ನೋಡುತ್ತಾ ಕೇಳಿದರು.

“ಇದು ಮದ್ವೆ ಹರಿವಾಣ ಅಲ್ದಾ?”

“ಹೌದು. ನನ್ನ ಮಾವ ನನ್ನ ಕಾಲು ತೊಳೆದದ್ದು.”

“ಹಂಗಾರೆ ಬೂಟು ತೆಗೀರಿ. ಕೂಕಣಿ. ಮೊದ್ಲು ನಿಮ್ದು.”

ಜಗಲಿಯಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಸರ್ಕಾರಿ ಕೆಲಸಕ್ಕೆ ಬಂದವನು ರೋಗಿಯಿಂದ ಕಾಲು ತೊಳೆಸಿಕೊಂಡ ಎಂದು ಯಾರಾದರೂ ಕಾರವಾರದ ಸಾಹೇಬರಿಗೆ ಮುಟ್ಟಿಸಿದರೆ ನನ್ನ ಗತಿ ಏನು? ಅದಕ್ಕಿಂತ ಹೆಚ್ಚಾಗಿ, ಅದೇ ಹಳೆಯ ಗುಲಾಮಗಿರಿಯನ್ನು ನಾನೇ ಕೂತು ಮಾಡಿಸಿಕೊಂಡಂತಾಗುತ್ತದಲ್ಲ ಎಂಬ ಅಳುಕು. ಬೇಡ ಎನ್ನಲು ಬಾಯಿ ತೆರೆದೆ. ಅವರ ಮಗಳು ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದರೆ ಈ ತಾಯಿ ಇನ್ನೊಮ್ಮೆ ಈ ಜಗಲಿ ಹತ್ತುವುದಿಲ್ಲ, ಡಿಸೆಂಬರ್‌ನಲ್ಲಿ ಮತ್ತೆ ಒಲೆಯ ಹಿಂದೆ ಕೂರುತ್ತಾರೆ. ಒಂದು ಯೋಚನೆ ಬಂತು. ತೊಳೆಯುವುದನ್ನು ಕಲಿಯಬೇಕಾದವರು ಅವರು. ಯಾರ ಕಾಲಿನ ಮೇಲೆ ಕಲಿತರೆ ಏನು? ಬೂಟಿನ ಲೇಸು ಬಿಚ್ಚಿದೆ.

“ನಾನು ಹೇಳಿದ ಹಾಗೇ ತೊಳೀಬೇಕು,” ಎಂದೆ.

“ಹೇಳಿ.”

ಅವರು ಗೋಡೆಗೆ ಒರಗಿ, ಊದಿದ ಕಾಲನ್ನು ಪಕ್ಕಕ್ಕೆ ಚಾಚಿ ಕೂತರು. ಹರಿವಾಣವನ್ನು ಎತ್ತರಕ್ಕೆ ಒಂದು ಪೆಟ್ಟಿಗೆಯ ಮೇಲೆ ಇಟ್ಟೆವು. ಮಗಳು ನೀರು ಎರೆದಳು. ನಾನು ಹೇಳುತ್ತಾ ಹೋದೆ, ಅವರು ಮಾಡುತ್ತಾ ಹೋದರು. ಮೀನು ಹೆಚ್ಚಿ ಹೆಚ್ಚಿ ಗಟ್ಟಿಯಾದ ಕೈ, ಆದರೆ ಎಷ್ಟು ಹಗುರವಾಗಿ ಮುಟ್ಟಿದರೆಂದರೆ ನನಗೆ ಕಚಗುಳಿಯೂ ಆಗಲಿಲ್ಲ. ಬಲಗಾಲಿನ ಮೂರನೇ ಸಂದಿಗೆ ಬಂದಾಗ ಅವರ ಕೈ ನಿಂತಿತು. ಬೆರಳು ಅಗಲಿಸಿ ನೋಡಿದರು.

“ಭಟ್ರೆ! ಇಲ್ಲೂ ಅದೇ ಅದೆ!”

ಬಗ್ಗಿ ನೋಡಿದೆ. ಬೆಳ್ಳಗೆ ಸುಲಿದು, ಬಿರಿದು, ತೇವ ಒಸರುತ್ತಿದ್ದ ಸಂದಿ. ನಾಲ್ಕು ತಿಂಗಳು ಒದ್ದೆ ಬೂಟಿನಲ್ಲಿ ತಿರುಗಿದ್ದರ ಫಲ. ಊರೂರಿಗೆ ಹೋಗಿ ಎಂಟು ಸಂದಿ ಎಣಿಸುತ್ತಿದ್ದ ನಾನು ನನ್ನದನ್ನು ಒಂದು ದಿನವೂ ನೋಡಿಕೊಂಡಿರಲಿಲ್ಲ. ದೂರ ಕೂತಿದ್ದ ಮುದುಕ ಎದ್ದು ಬಂದು ಇಣುಕಿ ನೋಡಿದ. “ಹೌದ್ರಾ, ಭಟ್ರಿಗೂ ಅದೆ,” ಎಂದು ಉಳಿದವರಿಗೆ ಸಾರಿದ. ಜಗಲಿಯಲ್ಲಿ ಮತ್ತೆ ನಗು ಎದ್ದಿತು.

ತಾಯಿ ಮಾತ್ರ ನಗಲಿಲ್ಲ. ಇನ್ನೂ ಮೆಲ್ಲಗೆ ತೊಳೆದರು. ಬಟ್ಟೆ ಒತ್ತಿ ಎಂಟೂ ಸಂದಿ ಒಣಗಿಸಿ ಮುಲಾಮು ಹಚ್ಚಿದರು. ಆಮೇಲೆ, ನಾನು ಊಹಿಸಿಯೇ ಇರದಂತೆ, ಹರಿವಾಣದ ನೀರಿಗೆ ಕೈ ಅದ್ದಿ ತಲೆಗೆ ಚಿಮುಕಿಸಿಕೊಂಡರು.

“ಅಕ್ಕಾ ಬೇಡ! ಅದರಲ್ಲಿ ನಂಜಿದೆ!” ಎಂದು ಕಿರುಚಿ ಅವರ ಮಣಿಕಟ್ಟು ಹಿಡಿದೆ. ತಡವಾಗಿತ್ತು. ಹಣೆಯ ಕೂದಲಿನಿಂದ ಸಾಬೂನು ನೀರು ಇಳಿಯುತ್ತಿತ್ತು. ಆ ನೀರಿನಲ್ಲಿ ಏನಿದೆ ಎಂದು ಅವರು ಈಗಷ್ಟೇ ಕಣ್ಣಾರೆ ಕಂಡಿದ್ದರು. ಕಂಡೂ ಹಾಕಿಕೊಂಡಿದ್ದರು.

ಹಿಡಿದ ಮಣಿಕಟ್ಟು ಬಿಟ್ಟೆ. ಮದುವೆಯ ದಿನ ವಿಷ್ಣು ಎಂದು ಕರೆಸಿಕೊಂಡಾಗ ಕಚಗುಳಿ ಬಿಟ್ಟು ಬೇರೇನೂ ಆಗಿರಲಿಲ್ಲ. ಈಗ, ಕೊಳೆತ ಸಂದಿಯ ಸಮೇತ, ಇವರ ಎದುರು ಕೂರುವುದು ನನ್ನ ಕೈಲಾಗುತ್ತಿರಲಿಲ್ಲ. ನಾನು ತೊಳೆಯುತ್ತೇನೆಂದಾಗ ಈ ಜನ ಯಾಕೆ ಎದ್ದು ಓಡುತ್ತಿದ್ದರು ಎಂಬುದು ಆಗ ಅರ್ಥವಾಯಿತು. ಐದು ವಾರ ನಾನು ಬರೀ ಕಾಲು ತೊಳೆದಿದ್ದೆ. ಕಾಲಿನವರನ್ನು ನೋಡಿರಲಿಲ್ಲ.

ಅವರು ಸೆರಗಿನಿಂದ ಹಣೆ ಒರೆಸಿಕೊಂಡು, ನೆರಿಗೆ ಮೇಲೆತ್ತಿ, ಊದಿದ ಕಾಲನ್ನು ಎರಡು ಕೈಯಿಂದ ಎತ್ತಿ ಮುಂದಕ್ಕಿಟ್ಟರು.

“ಕಾಲ್ ತೊಳ್ದ ಮೇಲೆ ಅಳಿಯ ಮನೆಯವನಾಗ್ತ. ಈಗ ನೀವು ಮನೆಯವ್ರಾದ್ರಿ. ಮನೆಯವ್ರ ಕೈ ತಾಗಿದ್ರೆ ಪಾಪ ಎಂತದು? ತೊಳೀರಿ.”

ಆ ಕಾಲನ್ನು ತೊಳೆಯಲು ನನಗೆ ಐವತ್ತು ನಿಮಿಷ ಹಿಡಿಯಿತು. ಬೆರಳುಗಳು ಊತದಲ್ಲಿ ಹುದುಗಿಹೋಗಿದ್ದವು, ಸಂದಿ ಹುಡುಕಿ ತೆಗೆಯಬೇಕಿತ್ತು. ವಾಸನೆ ಬಲವಾಗಿತ್ತು. ನಾನು ಮುಖ ಗಂಟಿಕ್ಕಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಪ್ರತಿ ಸಂದಿಗೂ ತಲೆಯೆತ್ತಿ ಅವರ ಮುಖ ನೋಡಿ “ನೋವಾಯ್ತಾ?” ಎಂದು ಕೇಳಿದೆ. ಅದಕ್ಕೂ ಮೊದಲು ಯಾರನ್ನೂ ಕೇಳಿರಲಿಲ್ಲ. ಅವರ ಬಳಿಕ ಆ ಮುದುಕ ಕೂತ. ಒಂದು ಗಂಟೆಯೊಳಗೆ ಆರೂ ಜನ ಕಾಲು ತೆರೆದಿದ್ದರು. ಪಾಪದ ಮಾತು ಮತ್ತೆ ಬರಲಿಲ್ಲ. ಭಟ್ರಿಗೂ ಅದೆ ಎಂಬುದು ಊರಿಗೆಲ್ಲ ಗೊತ್ತಾಗಿತ್ತಲ್ಲ.

ಮುಂದಿನ ನಾಲ್ಕು ವಾರ ಕೆಲಸ ಸರಾಗ ನಡೆಯಿತು. ಮಗಳು ಬೆಳಿಗ್ಗೆ ಸಂಜೆ ತೊಳೆಯಲು ಕಲಿತಳು. ತಾಯಿ ರಾತ್ರಿ ಕಾಲಡಿಗೆ ಇಟ್ಟಿಗೆ ಮತ್ತು ಕಂಬಳಿ ಇಟ್ಟು ಮಲಗತೊಡಗಿದರು. ವಾಸನೆ ಹೋಯಿತು. ನನ್ನ ಸಂದಿಯೂ ಒಣಗಿತು. ಪ್ರತಿ ಸೋಮವಾರ ಅವರು ಬೂಟು ತೆಗೆಸಿ ಅದನ್ನು ನೋಡದೆ ಬಿಡುತ್ತಿರಲಿಲ್ಲ.

ಮದುವೆಗೆ ಹತ್ತು ದಿನವಿದೆ ಎನ್ನುವಾಗ ಮಗಳು ಬೂತಿನಿಂದ ಫೋನ್ ಮಾಡಿದಳು. “ಆಯಿಗೆ ಚಳಿ ಬಂದದೆ. ಕಾಲು ಕೆಂಪಾಗದೆ.”

ಹೋಗಿ ನೋಡಿದೆ. ಮಂಡಿಯವರೆಗೆ ಕೆಂಪು, ಮುಟ್ಟಲು ಬಿಡದಷ್ಟು ಬಿಸಿ. ಮದುವೆಗೆ ಮುಂಚೆ ನಾಲ್ಕು ಬುಟ್ಟಿ ಹೆಚ್ಚು ಮಾರಿಬಿಡೋಣ ಎಂದು ಮೂರು ದಿನ ನಸುಕಿಗೇ ದೋಣಿಯ ಹತ್ತಿರ ಒದ್ದೆ ಮರಳಿನಲ್ಲಿ ನಿಂತಿದ್ದರಂತೆ. ಸಂಜೆಯ ತೊಳೆಯುವಿಕೆಯನ್ನು ದಣಿವಿನಿಂದ ಬಿಟ್ಟಿದ್ದರು. ನನಗೆ ಸಿಟ್ಟು ಬಂತು, ಬೈದೆ. ಅವರು ಹಲ್ಲು ಕಟಕಟಿಸುತ್ತಾ ಗೋಡೆಯ ಕಡೆ ತಿರುಗಿದರು.

“ದೊಡ್ಡಾಯಿಗೆ ಹೇಳಿ ಕಳ್ಸೆ,” ಎಂದರು ಮಗಳಿಗೆ. “ಅವ್ರೇ ಎರ್ಕೊಡ್ಲಿ.”

ಬೈದದ್ದಕ್ಕೆ ಆ ಕ್ಷಣವೇ ಪಶ್ಚಾತ್ತಾಪವಾಯಿತು. ಡಾಕ್ಟರನ್ನು ಕರೆತಂದು ತೋರಿಸಿದೆ. ಇಂಜೆಕ್ಷನ್, ಗುಳಿಗೆ, ತಣ್ಣೀರು ಬಟ್ಟೆ, ಕಾಲು ಎತ್ತರದಲ್ಲಿ. ಜ್ವರವಿರುವಷ್ಟು ದಿನ ನಡೆದಾಟ ಬೇಡ, ಉಜ್ಜುವುದು ಬೇಡ, ನೀರು ಹೊಯ್ದು ಒತ್ತಿ ಒಣಗಿಸಿದರೆ ಸಾಕು. ಅದೇ ವಾರ ನನಗೆ ಅಮದಳ್ಳಿಯ ಶಿಬಿರಕ್ಕೆ ಹಾಕಿದ್ದರು. ಬೆಳಿಗ್ಗೆ ಏಳಕ್ಕೆ ಕೇಣಿ, ಒಂಬತ್ತರ ಬಸ್ಸಿಗೆ ಅಮದಳ್ಳಿ, ಸಂಜೆ ಮತ್ತೆ ಕೇಣಿ. ಮಗಳಿಗೆ ಮದುವೆಯ ಓಡಾಟ. ಹಾಗಾಗಿ ಒತ್ತಿ ಒಣಗಿಸುವ ಕೆಲಸವನ್ನು ಅವರ ಗಂಡನಿಗೆ ಕಲಿಸಿದೆ. ಬಲೆ ಹೆಣೆಯುವ ಮನುಷ್ಯ, ಮಾತಿಲ್ಲ. ಹೆಂಡತಿಯ ಕಾಲು ಗಂಡ ಮುಟ್ಟುವುದೇ ಎಂದು ಆಕೆ ಒಮ್ಮೆ ಗೊಣಗಿದರು. ಅವನು ತಲೆಯೆತ್ತದೆ “ನಿಂಗೆ ಮದ್ವೆಗೆ ಕೂರೂಕೆ ಬೇಕಾ ಬ್ಯಾಡ್ವಾ?” ಎಂದಷ್ಟೇ ಕೇಳಿದ. ಆರನೇ ದಿನ ಜ್ವರ ಬಿಟ್ಟಿತು. ಏಳನೇ ದಿನ ಕೆಂಪು ಇಳಿಯಿತು. ಎಂಟನೇ ದಿನ ಅವರು ನನ್ನನ್ನು ಒಂದು ಮಾತು ಕೇಳಿದರು.

“ಆ ಹರಿವಾಣ ಒಂದು ದಿನದ ಮಟ್ಟಿಗೆ ಕೊಡ್ತ್ರಾ?”

ಹೆಂಡತಿಯನ್ನು ಕೇಳಿದೆ. ಈ ಸಲ ಅವಳೇ ತಿಕ್ಕಿ ಕೊಟ್ಟಳು.

ಮದುವೆಯ ದಿನವೂ ಅಮದಳ್ಳಿಯ ಕೆಲಸ ಮುಗಿದಿರಲಿಲ್ಲ. ಅರ್ಧ ದಿನದ ರಜೆ ಬರೆದುಕೊಟ್ಟು, ನಿಂತೇ ಪ್ರಯಾಣ ಮಾಡಿ, ಕೇಣಿಯ ಚಪ್ಪರಕ್ಕೆ ತಲುಪುವಾಗ ಹನ್ನೊಂದಾಗಿತ್ತು. ವರನ ಕಡೆಯವರು ನೌಕಾನೆಲೆಗೆ ಜಾಗ ಹೋಗಿ ಊರು ಬಿಟ್ಟು ತೋಡೂರಿಗೆ ಬಂದು ನೆಲೆಸಿದವರು, ಎರಡು ಟೆಂಪೋ ತುಂಬ ಬಂದಿದ್ದರು. ಕೂರಲು ಜಾಗವಿರಲಿಲ್ಲ. ಬೆನ್ನು ಸಿಡಿಯುತ್ತಿತ್ತು. ಚಪ್ಪರದ ಕಂಬಕ್ಕೆ ಒರಗಿ ನಿಂತೆ.

ಒಲೆಯ ಹಿಂದೆ ಮದುಮಗಳ ತಾಯಿ ಇರಲಿಲ್ಲ. ಮಂಟಪದಲ್ಲಿ, ಗಂಡನ ಬಲಗಡೆಗೆ, ಹಸಿರು ಸೀರೆ ಉಟ್ಟು ಕೂತಿದ್ದರು. ಕೆಳಗೆ ಕೂರಲಾಗದ್ದಕ್ಕೆ ಗಿಡ್ಡನೆಯ ಸ್ಟೂಲು ಹಾಕಿದ್ದರು. ಊದಿದ ಕಾಲನ್ನು ಮುಚ್ಚಿರಲಿಲ್ಲ. ಎದುರಿಗೆ ನಮ್ಮ ಹರಿವಾಣ, ಅದರಲ್ಲಿ ವರನ ಎರಡು ಪಾದ. ಹೊಸ ಬೂಟು ಕಚ್ಚಿ ಹಿಮ್ಮಡಿ ಕೆಂಪಾಗಿತ್ತು. ಗಂಡ ಚೊಂಬಿನಿಂದ ನೀರು ಎರೆದ, ಅವರು ತೊಳೆದರು. ಪುರೋಹಿತರು ಮಂತ್ರ ಮುಗಿಸಿ ಮುಂದಿನದಕ್ಕೆ ಕೈ ಚಾಚಿದರು. ತಾಯಿ ಸೊಂಟದಿಂದ ಒಂದು ಬಿಳಿ ಬಟ್ಟೆ ತೆಗೆದರು. ನನ್ನ ಹಳೆಯ ಪಂಚೆಯ ತುಂಡು, ಒಗೆದು ಮಡಿಸಿಟ್ಟುಕೊಂಡದ್ದು. ವರನ ಕಿರುಬೆರಳನ್ನು ಅಗಲಿಸಿ, ಬಟ್ಟೆಯನ್ನು ಒತ್ತಿ ಹಿಡಿದರು. ಆಮೇಲೆ ಮುಂದಿನ ಸಂದಿ.

ಹುಡುಗ ಕಚಗುಳಿಯಿಂದ ತುಟಿ ಕಚ್ಚಿಕೊಂಡ. ಹೆಂಗಸರು ನಗತೊಡಗಿದರು.

“ಸಾಕಮ್ಮ, ಮುಹೂರ್ತ ಮೀರ್ತದೆ,” ಎಂದರು ಪುರೋಹಿತರು.

“ತಡೀರಿ ಭಟ್ರೆ,” ಎಂದರು ಅವರು ತಲೆಯೆತ್ತದೆ. “ದೇವ್ರ ಕಾಲು. ತೇವ ಬಿಡೂಕೆ ಆಗೂದಿಲ್ಲ.”

ನಾನು ಕಂಬಕ್ಕೆ ಒರಗಿ ಸಂದಿ ಎಣಿಸುತ್ತಿದ್ದೆ. ಮಾರನೆಯ ದಿನ ಅಮದಳ್ಳಿ, ಸೋಮವಾರ ಮತ್ತೆ ಕೇಣಿ, ದಣಿವೇನೂ ಇಳಿದಿರಲಿಲ್ಲ. ಕಣ್ಣು ತುಂಬಿ ಐದನೆಯದೋ ಆರನೆಯದೋ ಎಂದು ಒಮ್ಮೆ ತಪ್ಪಿತು. ಅವರಿಗೆ ತಪ್ಪಲಿಲ್ಲ. ಎಂಟನ್ನೂ ಒಣಗಿಸಿ, ಬಟ್ಟೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಮಗಳ ಕೈ ಹಿಡಿದು ಧಾರೆಗೆ ಮುಂದಾದರು.